ಐಸಿಯು ಬಾಗಿಲ ಹೊರಗೆ ನಮ್ಮವರು ಕೇಳುವ ಪ್ರಶ್ನೆಗಳು

ನಾನು ಕೊಡಗಿನ ಸೋಮವಾರಪೇಟೆ ಕಡೆಯವಳು. ಒಂಬತ್ತು ವರ್ಷ ಮೈಸೂರಿನಲ್ಲಿ ಐಸಿಯು ಸಿಸ್ಟರ್ ಆಗಿದ್ದೆ. ಆಮೇಲೆ ನಾಲ್ಕು ವರ್ಷ ಅಲ್ಲೇ ಸ್ಟಡಿ ನರ್ಸ್. ಅಂದರೆ ಸಂಶೋಧನೆಗೆ ಸಂಬಂಧಿಸಿದ ಕಾಗದ, ಲೆಕ್ಕ, ಮನೆಯವರ ಜೊತೆ ಮಾತು, ಫೋನು, ಎಲ್ಲ ನನ್ನ ಪಾಲಿಗೆ. ಈಗ ಊರಲ್ಲೇ ಇದ್ದೇನೆ. ನಮ್ಮ ಕಡೆಯ ಯಾರನ್ನಾದರೂ ಮೈಸೂರಿಗೋ ಮಂಗಳೂರಿಗೋ ಸಾಗಿಸಿದರೆ ಅರ್ಧ ರಾತ್ರಿಯಲ್ಲಿ ನನಗೊಂದು ಫೋನ್ ಬರುತ್ತದೆ. ‘ಅಕ್ಕಾ, ಏನೋ ಸ್ಟಡಿ ಅಂತಿದ್ದಾರೆ. ಸಹಿ ಹಾಕ್ಲಾ, ಬೇಡ್ವಾ?’ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ರೋಗಿಗೆ ಯಾವ ಚಿಕಿತ್ಸೆ ಸರಿ ಅನ್ನುವುದನ್ನು ಅಲ್ಲಿನ ಡಾಕ್ಟರನ್ನೇ ಕೇಳಿ, ಅದು ಇದರಲ್ಲಿ ಇಲ್ಲ.

ಐಸಿಯುನಲ್ಲಿ ‘ಸ್ಟಡಿ’ ಅಂದ್ರೆ ಏನು?

ಎರಡು ಥರ ಇದೆ. ಒಂದು, ಸುಮ್ನೆ ನೋಡಿ ಬರೆದುಕೊಳ್ಳುವುದು. ಯಾವ ಕಾಯಿಲೆ, ಎಷ್ಟು ದಿನ ವೆಂಟಿಲೇಟರ್, ಮನೆಗೆ ಹೋದರಾ ಇಲ್ಲವಾ. ಇದರಲ್ಲಿ ಚಿಕಿತ್ಸೆ ಒಂದು ಚೂರೂ ಬದಲಾಗುವುದಿಲ್ಲ. ಇನ್ನೊಂದು, ಎರಡು ಚಿಕಿತ್ಸೆಗಳನ್ನು ಹೋಲಿಸುವುದು. ಅರ್ಧ ಜನಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು. ಜನ ಹೆದರುವುದು ಈ ಎರಡನೆಯದಕ್ಕೆ.

ಇಲ್ಲಿ ಒಂದು ಮಾತು ತಿಳಿದಿರಲಿ. ಐಸಿಯುನಲ್ಲಿ ನಡೆಯುವ ಸ್ಟಡಿಗಳಲ್ಲಿ ಎಷ್ಟೋ ಸಲ ಎರಡೂ ಚಿಕಿತ್ಸೆ ಹಳೆಯವೇ. ಈ ಆಸ್ಪತ್ರೆಯಲ್ಲಿ ಒಂದು ಡ್ರಿಪ್ ಹಾಕುತ್ತಾರೆ, ರಸ್ತೆಯಾಚೆ ಇರುವ ಆಸ್ಪತ್ರೆಯಲ್ಲಿ ಇನ್ನೊಂದು. ಯಾವುದು ವಾಸಿ ಅಂತ ಯಾರೂ ಎಣಿಸಿ ನೋಡಿರುವುದಿಲ್ಲ, ಅಷ್ಟೆ.

ಯಾವುದು ಒಳ್ಳೆಯದು ಅಂತ ಡಾಕ್ಟರಿಗೆ ಗೊತ್ತಿರಲ್ವಾ? ಗೊತ್ತಿಲ್ದೆ ಐಸಿಯು ಯಾಕೆ ನಡೆಸ್ತಾರೆ?

ಈ ಪ್ರಶ್ನೆ ಕೇಳಿದವರು ಒಬ್ಬರು ನಿವೃತ್ತ ಸೈನಿಕರು. ಕೋಪದಲ್ಲೇ ಕೇಳಿದ್ದರು. ನ್ಯಾಯವಾದ ಕೋಪ. ಆದರೆ ಉತ್ತರ ಸ್ವಲ್ಪ ಉದ್ದ.

ತಲೆಗೆ ಪೆಟ್ಟು ಬಿದ್ದವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಪದ್ಧತಿ ದಶಕಗಟ್ಟಲೆ ಇತ್ತು. ಮೆದುಳಿನ ಊತ ಇಳಿಯುತ್ತದೆ ಅನ್ನುವುದು ಲೆಕ್ಕಾಚಾರ. ಕೇಳಿದರೆ ಸರಿಯಾಗಿಯೇ ಇದೆ, ಅಲ್ವಾ? ಕೊನೆಗೆ ‘ಕ್ರ್ಯಾಶ್’ ಅನ್ನುವ ದೊಡ್ಡ ಅಧ್ಯಯನದಲ್ಲಿ 10,008 ಗಾಯಾಳುಗಳನ್ನು ಎರಡು ಗುಂಪು ಮಾಡಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ಸ್ಟೀರಾಯ್ಡ್ ಪಡೆದ ಗುಂಪಿನಲ್ಲಿ 1,052 ಜನ ಸತ್ತಿದ್ದರು. ಪಡೆಯದ ಗುಂಪಿನಲ್ಲಿ 893. ಒಳ್ಳೆಯದಾಗಲಿ ಅಂತಲೇ ಕೊಟ್ಟ ಔಷಧಿ ಜೀವ ತೆಗೆಯುತ್ತಿತ್ತು. ಒಂದು ಐಸಿಯುನಲ್ಲಿ ಕೂತ ಒಬ್ಬ ಡಾಕ್ಟರಿಗೆ ಇದು ಕಾಣುವುದೇ ಇಲ್ಲ. ನೂರು ಜನಕ್ಕೆ ಮೂರು ಸಾವು ಜಾಸ್ತಿ ಆದರೆ ಯಾರಿಗೆ ತಿಳಿಯುತ್ತದೆ? ತಲೆಗೆ ಪೆಟ್ಟು ಬಿದ್ದವರು ಹೇಗೂ ಸಾಯುತ್ತಿರುತ್ತಾರೆ.

ಇನ್ನೊಂದು ಆಫ್ರಿಕಾದ್ದು. ಕೀನ್ಯಾ, ಉಗಾಂಡ, ಟಾಂಜಾನಿಯಾ. ಜ್ವರ ಬಂದು ಕೈಕಾಲು ತಣ್ಣಗಾದ ಮಕ್ಕಳಿಗೆ ಬೇಗ ಬೇಗ ಡ್ರಿಪ್ ಏರಿಸಬೇಕು ಅಂತ ನಾವೆಲ್ಲ ಓದಿದ್ದೆವು. ಅಲ್ಲಿ 3,141 ಮಕ್ಕಳ ಮೇಲೆ ‘ಫೀಸ್ಟ್’ ಅನ್ನುವ ಅಧ್ಯಯನ ನಡೆಯಿತು. 2011ರಲ್ಲಿ ಬಂದ ಉತ್ತರ ನೋಡಿ ನಮ್ಮ ವಾರ್ಡಿನ ಹಿರಿಯ ಡಾಕ್ಟರೇ ಕುರ್ಚಿಗೆ ಒರಗಿ ಕೂತುಬಿಟ್ಟರಂತೆ. ರಭಸವಾಗಿ ಡ್ರಿಪ್ ಹಾಕಿದ ಗುಂಪುಗಳಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತೂವರೆ ಮಕ್ಕಳು ಸತ್ತರು. ರಭಸ ಮಾಡದೆ ನಿಧಾನಕ್ಕೆ ನೋಡಿಕೊಂಡ ಗುಂಪಿನಲ್ಲಿ 7.3.

ಸಕ್ಕರೆ ಕತೆಯೂ ಹೀಗೇ. 2001ರಲ್ಲಿ ಬೆಲ್ಜಿಯಂನ ಒಂದು ಆಸ್ಪತ್ರೆಯ ಅಧ್ಯಯನ ಬಂದು, ಐಸಿಯು ರೋಗಿಗಳ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು ಬಿಗಿಯಾಗಿ ಹಿಡಿದರೆ ಹೆಚ್ಚು ಜನ ಬದುಕುತ್ತಾರೆ ಅಂದಿತು. ಲೋಕವೆಲ್ಲ ಹಿಡಿಯಿತು. 2009ರಲ್ಲಿ 6,104 ಜನರ ಮೇಲೆ ನಡೆದ ‘ನೈಸ್-ಶುಗರ್’ ಉಲ್ಟಾ ಹೇಳಿತು. ಬಿಗಿ ಹಿಡಿದವರಲ್ಲಿ 27.5%, ಸ್ವಲ್ಪ ಸಡಿಲ ಬಿಟ್ಟವರಲ್ಲಿ 24.9% ಸಾವು. ಈಗ ಐಸಿಯುನಲ್ಲಿ ಸಕ್ಕರೆ 160, 170 ಇದ್ದರೆ ನಿಮ್ಮ ಅಮ್ಮನಿಗೆ ಯಾರೂ ಗಾಬರಿಯಿಂದ ಇನ್ಸುಲಿನ್ ಚುಚ್ಚದಿರುವುದು ಇದರಿಂದಲೇ. ಅಸಡ್ಡೆ ಅಂತ ತಿಳಿಯಬೇಡಿ.

ನನಗೆ ಕಂಡ ಮಟ್ಟಿಗೆ, ಕಳೆದ ಇಪ್ಪತ್ತೈದು ವರ್ಷದ ಐಸಿಯು ಸಂಶೋಧನೆ ಜಾಸ್ತಿ ಕಲಿಸಿದ್ದು ಕೈ ಬಿಗಿ ಹಿಡಿಯುವುದನ್ನು. ಗಾಳಿ ಕಡಿಮೆ, ರಕ್ತ ಕಡಿಮೆ, ಡ್ರಿಪ್ ಕಡಿಮೆ, ನಿದ್ದೆ ಔಷಧಿ ಕಡಿಮೆ. ‘ಎಲ್ಲ ಮಾಡಿಬಿಡಿ ಡಾಕ್ಟ್ರೇ’ ಅಂತ ಮನೆಯವರು ಕೈ ಮುಗಿದಾಗ ಈ ಮಾತು ಹೇಳುವುದು ಕಷ್ಟ.

ಹಾಗಾದ್ರೆ ನಮ್ಮವರನ್ನ ಪ್ರಯೋಗಪಶು ಮಾಡ್ತಾರಾ?

ಇಲ್ಲ. ಆದರೆ ಭಯ ಪಡುವುದರಲ್ಲಿ ತಪ್ಪಿಲ್ಲ. ನಮ್ಮ ದೇಶದಲ್ಲಿ ಔಷಧಿ ಪ್ರಯೋಗದ ಹೆಸರಿನಲ್ಲಿ ತಪ್ಪುಗಳು ನಡೆದಿವೆ, ಅದಕ್ಕೇ ನಿಯಮಗಳು ಬಿಗಿಯಾದವು. ಈಗ ಹೊಸ ಔಷಧಿಗಳ ಪ್ರಯೋಗಕ್ಕೆ 2019ರ ನಿಯಮಗಳಿವೆ. ಅದರ ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ಯಾವ ಸ್ಟಡಿ ಶುರುವಾಗಬೇಕಾದರೂ ಆಸ್ಪತ್ರೆಯ ನೀತಿ ಸಮಿತಿ ಒಪ್ಪಬೇಕು. ಅದರಲ್ಲಿ ಕಡಿಮೆ ಅಂದರೂ ಏಳು ಜನ ಇರಬೇಕು. ಬರೀ ಡಾಕ್ಟರುಗಳಲ್ಲ, ಕಾನೂನು ಬಲ್ಲವರು, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಸಾಮಾನ್ಯರೊಬ್ಬರು ಸೇರಿರಬೇಕು. ಅಧ್ಯಕ್ಷರು ಹೊರಗಿನವರಾಗಿರಬೇಕು. ನಾನು ಕೆಲಸ ಮಾಡುತ್ತಿದ್ದಲ್ಲಿ ಸಾಮಾನ್ಯರ ಜಾಗದಲ್ಲಿ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಇದ್ದರು. ನಮ್ಮ ಕನ್ನಡ ಒಪ್ಪಿಗೆ ಪತ್ರವನ್ನು ಮೂರು ಸಲ ವಾಪಸ್ ಕಳಿಸಿದ್ದರು. ‘ಇದು ಯಾರ ಮನೆ ಭಾಷೆನಮ್ಮಾ, ನನಗೇ ಅರ್ಥವಾಗ್ತಿಲ್ಲ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ಆಗ ಸಿಟ್ಟು ಬಂದಿತ್ತು. ಅವರು ಹೇಳಿದ್ದೇ ಸರಿ.

ದೊಡ್ಡ ಸ್ಟಡಿಗಳಿಗೆ ಇನ್ನೊಂದು ತಂಡವೂ ಇರುತ್ತದೆ. ಅವರು ನಡುನಡುವೆ ಲೆಕ್ಕ ತೆಗೆದು ನೋಡುತ್ತಾರೆ. ಒಂದು ಗುಂಪಿಗೆ ಹಾನಿಯಾಗುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮೇಲೆ ಹೇಳಿದ ಮಕ್ಕಳ ಅಧ್ಯಯನ ಹಾಗೇ ನಿಂತಿದ್ದು.

ಚೀಟಿ ಎತ್ತಿ ಚಿಕಿತ್ಸೆ ಕೊಡ್ತಾರಂತೆ, ನಿಜವಾ?

ನಿಜ. ಈಗ ಚೀಟಿ ಬದಲು ಕಂಪ್ಯೂಟರ್.

ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಹೊಸ ಗೊಬ್ಬರ ಚೆನ್ನಾಗಿದೆಯಾ ಅಂತ ನೋಡಬೇಕು ಅಂತಿಟ್ಟುಕೊಳ್ಳಿ. ಹೊಳೆ ಬದಿಯ ತಂಪು ಬಾಣೆಗೆ ಹೊಸದು ಹಾಕಿ, ಬಿಸಿಲು ಗುಡ್ಡಕ್ಕೆ ಹಳೆಯದು ಹಾಕಿದರೆ ಆ ಲೆಕ್ಕ ಯಾರು ನಂಬುತ್ತಾರೆ? ಫಸಲು ಜಾಸ್ತಿ ಬಂದಿದ್ದು ಗೊಬ್ಬರದಿಂದಲೋ ಜಾಗದಿಂದಲೋ? ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ಸಾಲುಗಳನ್ನು ಬೆರೆಸಿ, ಯಾವ ಸಾಲಿಗೆ ಯಾವುದು ಅಂತ ಅದೃಷ್ಟಕ್ಕೆ ಬಿಡಬೇಕು. ಡಾಕ್ಟರು ಆರಿಸಿದರೆ ಸ್ವಲ್ಪ ಗಟ್ಟಿ ಇರುವ ರೋಗಿಗೇ ಹೊಸ ಔಷಧಿ ಹೋಗುತ್ತದೆ. ಬೇಕಂತ ಮಾಡುವುದಿಲ್ಲ, ಕೈ ಹಾಗೆ ಹೋಗುತ್ತದೆ.

ಈ ಉಪಾಯ ಹುಟ್ಟಿದ್ದೇ ಹೊಲದಲ್ಲಿ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಫಿಶರ್ ಅನ್ನುವ ಗಣಿತಜ್ಞರು ಬೆಳೆಗಳಿಗಾಗಿ ಇದನ್ನು ರೂಪಿಸಿದರು. ಆಸ್ಪತ್ರೆಗೆ ಬಂದದ್ದು ಆಮೇಲೆ. 1948ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಬ್ರಿಟನ್ನಿನಲ್ಲಿ ಮಾಡಿದ ಪ್ರಯೋಗ ಪ್ರಕಟವಾದ ಮೇಲೆ ಅದು ಗಟ್ಟಿಯಾಗಿ ಬೇರೂರಿತು.

ವೆಂಟಿಲೇಟರ್ ಹಾಕಿದ್ರೆ ವಾಪಸ್ ಬರಲ್ಲ ಅಂತಾರಲ್ಲ?

ಅಂತಾರೆ. ಸುಳ್ಳು. ವೆಂಟಿಲೇಟರ್ ಹಾಕುವಷ್ಟು ಕೆಟ್ಟವರಲ್ಲಿ ಸಾವು ಜಾಸ್ತಿ ಇರುತ್ತದೆ, ಅದಕ್ಕೆ ಯಂತ್ರಕ್ಕೆ ಕೆಟ್ಟ ಹೆಸರು. ಯಂತ್ರ ರೋಗ ವಾಸಿ ಮಾಡುವುದಿಲ್ಲ. ರೋಗ ಇಳಿಯುವವರೆಗೆ ಉಸಿರು ಹಿಡಿದುಕೊಡುತ್ತದೆ.

ಐಸಿಯು ಅನ್ನುವುದು ಹುಟ್ಟಿದ್ದೇ ಉಸಿರಿನಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಉಸಿರಾಡುವ ಸ್ನಾಯು ಸತ್ತ ಮಕ್ಕಳು ಸಾಲುಗಟ್ಟಿ ಬಂದರು. ಬ್ಯೋರ್ನ್ ಇಬ್ಸನ್ ಅನ್ನುವ ಅರಿವಳಿಕೆ ಡಾಕ್ಟರು 12 ವರ್ಷದ ಹುಡುಗಿಯ ಕತ್ತಿಗೆ ತೂತು ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರು. ಅವಳು ಉಳಿದಳು. ಆಮೇಲೆ ತಿಂಗಳುಗಟ್ಟಲೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು ಕೈಯಲ್ಲೇ ಚೀಲ ಒತ್ತಿದರು. ಮುಂದಿನ ವರ್ಷ ಅದೇ ಊರಿನಲ್ಲಿ ಇಬ್ಸನ್ ಒಂದು ಪ್ರತ್ಯೇಕ ವಾರ್ಡ್ ತೆರೆದರು. ಲೋಕದ ಮೊದಲ ಐಸಿಯು ಅಂತ ಅದನ್ನೇ ಹೇಳುವುದು.

ಇನ್ನು ಗಾಳಿ ಎಷ್ಟು ಕೊಡಬೇಕು ಅನ್ನುವ ಲೆಕ್ಕ. ಇದು ನನ್ನ ಕೈಯಾರೆ ಮಾಡಿದ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ರೋಗಿ ಬಂದ ಕೂಡಲೇ ಟೈಲರ್ ಟೇಪ್ ತೆಗೆದು ನೆತ್ತಿಯಿಂದ ಹಿಮ್ಮಡಿವರೆಗೆ ಅಳೆಯುತ್ತಿದ್ದೆ. ‘ಇದೇನು ಸಿಸ್ಟರ್, ಈಗಲೇ ಶವದ ಪೆಟ್ಟಿಗೆ ಅಳತೆ ತಗೋತೀರಾ’ ಅಂತ ಒಬ್ಬ ಮಗ ಅತ್ತೇಬಿಟ್ಟಿದ್ದ. ಅವತ್ತಿನಿಂದ ಅಳೆಯುವ ಮುಂಚೆ ಯಾಕೆ ಅಂತ ಹೇಳುವುದು ರೂಢಿ ಮಾಡಿಕೊಂಡೆ. ಶ್ವಾಸಕೋಶದ ಗಾತ್ರ ನಿಂತಿರುವುದು ಎತ್ತರದ ಮೇಲೆ, ತೂಕದ ಮೇಲಲ್ಲ. ಮನುಷ್ಯ ದಪ್ಪಗಾದರೆ ಶ್ವಾಸಕೋಶ ದಪ್ಪಗಾಗುವುದಿಲ್ಲ. 165 ಸೆಂಟಿಮೀಟರ್ ಎತ್ತರದ ಗಂಡಸಿಗೆ, ಎತ್ತರದಿಂದ ಲೆಕ್ಕ ಹಾಕಿದ ತೂಕ ಸುಮಾರು 61 ಕೆಜಿ, ತಕ್ಕಡಿಯಲ್ಲಿ 90 ಬಂದರೂ ಸರಿ. ಮೊದಲೆಲ್ಲ ಈ ತೂಕದ ಒಂದೊಂದು ಕೆಜಿಗೆ 12 ಮಿಲಿಲೀಟರ್‌ವರೆಗೂ ಗಾಳಿ ತಳ್ಳುತ್ತಿದ್ದರು. ಅಂದರೆ ಒಂದೊಂದು ಉಸಿರಿಗೂ ಮುಕ್ಕಾಲು ಲೀಟರ್ ಹತ್ತಿರ. ಊದಿಕೊಂಡ, ನೀರು ತುಂಬಿದ ಶ್ವಾಸಕೋಶ ಅದನ್ನು ತಡೆಯಬೇಕಲ್ಲ? 2000ದಲ್ಲಿ ಅಮೆರಿಕದ 861 ರೋಗಿಗಳ ಅಧ್ಯಯನ ಬಂತು. ಕೆಜಿಗೆ 6 ಮಿಲಿಲೀಟರ್ ಕೊಟ್ಟವರಲ್ಲಿ ಸಾವು 31%, 12 ಕೊಟ್ಟವರಲ್ಲಿ 39.8%. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಗುಂಡಿ ತಿರುಗಿಸಿದ್ದು ಮಾತ್ರ.

ಬೋರಲು ಮಲಗಿಸುವುದೂ ಅಷ್ಟೇ ಖರ್ಚಿಲ್ಲದ್ದು. ಫ್ರಾನ್ಸಿನಲ್ಲಿ ಮುಖ್ಯವಾಗಿ ನಡೆದ 2013ರ ‘ಪ್ರೊಸೀವಾ’ ಅಧ್ಯಯನದಲ್ಲಿ 466 ಜನ ಇದ್ದರು. ಶ್ವಾಸಕೋಶ ಬಹಳ ಕೆಟ್ಟವರನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸಿದಾಗ ಸಾವು 16%. ಅಂಗಾತ ಮಲಗಿದವರಲ್ಲಿ 32.8%. ಖರ್ಚಿಲ್ಲ ಅಂದೆ, ಆದರೆ ಜನ ಬೇಕು. ಒಬ್ಬರು ತಲೆ ಹತ್ತಿರ ನಿಂತು ಟ್ಯೂಬ್ ಬಿಗಿಯಾಗಿ ಹಿಡಿಯಬೇಕು. ಆ ಕಡೆ ಇಬ್ಬರು, ಈ ಕಡೆ ಇಬ್ಬರು. ತಲೆ ಹಿಡಿದವರು ಎಣಿಸಿದ ಮೇಲೇ ಹೊರಳಿಸಬೇಕು. ಟ್ಯೂಬ್ ಜಾರಿದರೆ ಮುಗೀತು.

ಅಪ್ಪನಿಗೆ ನಿದ್ದೆ ಇಂಜೆಕ್ಷನ್ ನಿಲ್ಲಿಸಿದ್ದಾರೆ. ಒದ್ದಾಡ್ತಿದ್ದಾರೆ. ಇದು ಕ್ರೂರ ಅಲ್ವಾ?

ನೋಡುವುದಕ್ಕೆ ಕಷ್ಟ, ಒಪ್ಪುತ್ತೇನೆ. 2000ದಲ್ಲಿ ಷಿಕಾಗೋದ 128 ರೋಗಿಗಳಲ್ಲಿ ಹೀಗೆ ದಿನಕ್ಕೊಮ್ಮೆ ಔಷಧಿ ನಿಲ್ಲಿಸಿ ಎಬ್ಬಿಸಿ ನೋಡಿದರು. ಎಬ್ಬಿಸಿದವರು ಸುಮಾರು ಐದು ದಿನಕ್ಕೆ ವೆಂಟಿಲೇಟರ್ ಬಿಟ್ಟರು, ಮಲಗಿಸಿಯೇ ಇಟ್ಟವರಿಗೆ ಏಳು ದಿನ ದಾಟಿತು. ಹೆಸರು ಹಿಡಿದು ಕರೆಯಿರಿ. ಮನೆ ಭಾಷೆಯಲ್ಲೇ ಕರೆಯಿರಿ, ಕೊಡವ ತಕ್ಕೋ ಅರೆಭಾಷೆಯೋ ತುಳುವೋ. ಇಂಗ್ಲಿಷಿನಲ್ಲಿ ‘ಓಪನ್ ಯುವರ್ ಐಸ್’ ಅಂದರೆ ಕಣ್ಣು ಬಿಡದ ಅಜ್ಜಿ, ಮೊಮ್ಮಗಳ ಒಂದು ಕೂಗಿಗೆ ತಿರುಗಿದ್ದನ್ನು ನೋಡಿದ್ದೇನೆ.

ರಕ್ತ ಕಡಿಮೆ ಇದೆ ಅಂತಾರೆ, ಆದ್ರೂ ರಕ್ತ ಹಾಕ್ತಿಲ್ಲ. ನಮ್ಮ ಹುಡುಗರು ಹತ್ತು ಜನ ಕೊಡೋಕೆ ರೆಡಿ ಇದ್ದಾರೆ.

ಹಿಮೋಗ್ಲೋಬಿನ್ 7ರ ಕೆಳಗಿಳಿದ ಮೇಲೆ ಹಾಕಿದರೂ, 10 ಇರುವಾಗಲೇ ಹಾಕಿದರೂ ಬದುಕುವುದರಲ್ಲಿ ನಷ್ಟವೇನಿಲ್ಲ ಅಂತ 1999ರಲ್ಲಿ ಕೆನಡಾದ 838 ರೋಗಿಗಳ ಅಧ್ಯಯನ ತೋರಿಸಿತು. ರಕ್ತ ಸೋರುತ್ತಿದ್ದರೆ, ಹೃದಯದ ತೊಂದರೆ ಇದ್ದರೆ ಲೆಕ್ಕ ಬೇರೆ. ಹುಡುಗರು ಬಂದಿದ್ದಾರಲ್ಲ, ಬ್ಲಡ್ ಬ್ಯಾಂಕಿಗೆ ಕೊಟ್ಟು ಹೋಗಲಿ. ಯಾರಿಗಾದರೂ ಆಗುತ್ತದೆ.

ಕೋವಿಡ್ ಟೈಮಲ್ಲಿ ದಿನಕ್ಕೊಂದು ಔಷಧಿ ಹೇಳಿದ್ರು. ಅದೆಲ್ಲ ಸಂಶೋಧನೆನಾ?

ಬಹುಪಾಲು ಅಲ್ಲ. ಅದು ಗಾಬರಿ. ನಾನೂ ಅದರಲ್ಲಿ ಇದ್ದೆ. ಪ್ಲಾಸ್ಮಾಕ್ಕಾಗಿ, ಅಂದರೆ ಕೋವಿಡ್ ವಾಸಿಯಾದವರ ರಕ್ತದ ತಿಳಿ ಭಾಗಕ್ಕಾಗಿ, ಜನ ರಾತ್ರಿಯೆಲ್ಲ ವಾಟ್ಸಾಪಿನಲ್ಲಿ ಕೈ ಮುಗಿದು ಬೇಡುತ್ತಿದ್ದರು. ಅಷ್ಟರಲ್ಲಾಗಲೇ ನಮ್ಮ ದೇಶದ್ದೇ ಉತ್ತರ ಬಂದಾಗಿತ್ತು. ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ‘ಪ್ಲಾಸಿಡ್’ ಅನ್ನುವ ಅಧ್ಯಯನ ಮಾಡಿ, ಪ್ಲಾಸ್ಮಾ ಕೊಟ್ಟರೂ ಸಾವು ಕಡಿಮೆಯಾಗಲಿಲ್ಲ, ಕಾಯಿಲೆ ಉಲ್ಬಣಿಸುವುದೂ ನಿಲ್ಲಲಿಲ್ಲ ಅಂತ 2020ರಲ್ಲೇ ತೋರಿಸಿತ್ತು. ಸರ್ಕಾರದ ಚಿಕಿತ್ಸಾ ಪಟ್ಟಿಯಿಂದ ಅದನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ಆ ನಡುವೆ ಎಷ್ಟು ಮನೆಯವರು ಬಾಟಲಿಗಾಗಿ ಓಡಾಡಿದರು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಸರಿಯಾಗಿ ಮಾಡಿದ್ದು ಬ್ರಿಟನ್ನಿನ ‘ರಿಕವರಿ’ ಅಧ್ಯಯನ. ಡೆಕ್ಸಾಮೆಥಾಸೋನ್ ಅನ್ನುವ ಹಳೆಯ, ಅಗ್ಗದ ಸ್ಟೀರಾಯ್ಡ್. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರ್ ಮೇಲಿದ್ದವರ ಸಾವು 41.4%ನಿಂದ 29.3%ಗೆ ಇಳಿಯಿತು. 2020ರ ಜೂನ್ 16ಕ್ಕೆ ಸುದ್ದಿ ಬಂತು, ಲೋಕದ ಐಸಿಯುಗಳೆಲ್ಲ ಆ ವಾರವೇ ಬದಲಾದವು. ಆದರೆ ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಲಾಭ ಆಗಲಿಲ್ಲ. ಆ ಅರ್ಧ ಮಾತನ್ನು ಬಿಟ್ಟು, ನೆಗಡಿ ಬಂದವರೆಲ್ಲ ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಕೇಳಿ ನುಂಗಿದರು. ತಲೆಗೆ ಪೆಟ್ಟು ಬಿದ್ದವರನ್ನು ಕೊಲ್ಲುವ ಸ್ಟೀರಾಯ್ಡ್ ಇಲ್ಲಿ ಉಳಿಸಿತು, ಅದೂ ಕೆಲವರನ್ನು ಮಾತ್ರ. ಯೋಚಿಸಿದರೆ ಇದು ಹೊಳೆಯುವುದಿಲ್ಲ, ಎಣಿಸಿದರೆ ಮಾತ್ರ ತಿಳಿಯುತ್ತದೆ.

ನಮ್ಮ ಕೊಡಗಿನ ಕಾಯಿಲೆಗಳಿಗೆ ಏನಾದ್ರೂ ಸಂಶೋಧನೆ ಆಗಿದ್ಯಾ?

ಆಗಿದೆ, ಸಾಲದು.

ಮೊದಲು ಸ್ಕ್ರಬ್ ಟೈಫಸ್. ಪೊದೆ, ಹುಲ್ಲು ಇರುವ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚಿ ಬರುವ ಜ್ವರ. ಕಂಕುಳು, ಸೊಂಟ, ತೊಡೆ ಸಂದಿಯಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇರಬಹುದು. ನೋವಿರುವುದಿಲ್ಲ, ಹಾಗಾಗಿ ರೋಗಿ ಹೇಳುವುದಿಲ್ಲ. ಬಟ್ಟೆ ಸರಿಸಿ ನಾವೇ ಹುಡುಕಬೇಕು. ಬಿಟ್ಟರೆ ಶ್ವಾಸಕೋಶ, ಕಿಡ್ನಿ ಹಿಡಿದು ಐಸಿಯುಗೆ ಬರುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯದೋ ಅಜಿತ್ರೊಮೈಸಿನ್ ಒಳ್ಳೆಯದೋ ಅನ್ನುವ ಜಗಳ ಹಳೆಯದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮುಂದೆ ನಿಂತು, ಭಾರತದ ಏಳು ಆಸ್ಪತ್ರೆಗಳಲ್ಲಿ ಸುಮಾರು 800 ರೋಗಿಗಳಲ್ಲಿ ನೋಡಿತು. ಸಾವು, ಏಳನೇ ದಿನಕ್ಕೂ ಬಿಡದ ತೊಡಕು, ಐದನೇ ದಿನಕ್ಕೂ ಬಿಡದ ಜ್ವರ, ಈ ಮೂರನ್ನೂ ಸೇರಿಸಿ ಎಣಿಸಿದಾಗ ಒಂದೊಂದೇ ಔಷಧಿ ಕೊಟ್ಟ ಗುಂಪುಗಳಲ್ಲಿ 47 ಮತ್ತು 48%. ಎರಡನ್ನೂ ಒಟ್ಟಿಗೆ ನರಕ್ಕೆ ಕೊಟ್ಟವರಲ್ಲಿ 33%. ಸಾವನ್ನಷ್ಟೇ ತೆಗೆದುಕೊಂಡರೆ ಅಂಥ ವ್ಯತ್ಯಾಸ ಇರಲಿಲ್ಲ, ಅದನ್ನೂ ಹೇಳಬೇಕು. 2023ರಲ್ಲಿ ಪ್ರಕಟವಾಯಿತು. ನಮ್ಮ ನೆಲದ ಕಾಯಿಲೆಗೆ ನಮ್ಮ ನೆಲದಲ್ಲೇ ಸಿಕ್ಕ ಉತ್ತರ.

ಹಾವು. ಭಾರತದ ವಿಷನಿರೋಧಕ ಔಷಧಿ ಮಾಡುವುದು ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಫಿ ಗಿಡದ ಬುಡದ ಒಣ ಎಲೆಯಲ್ಲಿ ಮಲಗುವ ಸಣ್ಣ ಗೂನುಮೂಗಿನ ಗುಳಿಮಂಡಲ ಆ ಪಟ್ಟಿಯಲ್ಲಿ ಇಲ್ಲ. ಕಚ್ಚಿದರೆ ಎಷ್ಟೋ ಸಲ ಊತ, ನೋವಿನಲ್ಲೇ ಮುಗಿಯುತ್ತದೆ. ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ನಿಂತು ಕಿಡ್ನಿ ಹೋಗುತ್ತದೆ. ಅವರಿಗೆ ಆ ಬಾಟಲಿ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ. ಪಶ್ಚಿಮ ಘಟ್ಟಕ್ಕೆ ಬೇಕಾದ ಔಷಧಿ ಇನ್ನೂ ಕೈಗೆ ಬಂದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಒಳ್ಳೆಯ ಕೆಲಸ. ಎಷ್ಟು ಜನಕ್ಕೆ ಕಚ್ಚುತ್ತದೆ ಅಂತಲೇ ಗೊತ್ತಿಲ್ಲದಿದ್ದರೆ ಔಷಧಿ ಯಾರು ಮಾಡುತ್ತಾರೆ?

ತೋಟದ ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್ ಅನ್ನುವ ಜಾತಿಯದು ಒಳಗೆ ಹೋದವರಿಗೆ ಅಟ್ರೊಪಿನ್ ಮುಖ್ಯ ಔಷಧಿ. ಅದರ ಜೊತೆ ಕೊಡುವ ಪ್ರಾಲಿಡಾಕ್ಸಿಮ್ ವಿಷಯದಲ್ಲಿ ಇನ್ನೂ ಒಮ್ಮತ ಇಲ್ಲ. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯ 200 ರೋಗಿಗಳಲ್ಲಿ ಜಾಸ್ತಿ ಪ್ರಮಾಣ ಕೊಟ್ಟಾಗ ಲಾಭ ಕಂಡಿತು. 2009ರಲ್ಲಿ ಶ್ರೀಲಂಕಾದ 235 ರೋಗಿಗಳಲ್ಲಿ ಲಾಭವೇ ಕಾಣಲಿಲ್ಲ. ಒಬ್ಬ ಡಾಕ್ಟರು ಕೊಡುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ ಅಂದರೆ ಅಲ್ಲಿ ಮೋಸ ಇದೆ ಅಂತ ಹುಡುಕಬೇಡಿ.

ಇನ್ನು ರಸ್ತೆ ಅಪಘಾತ. ‘ಕ್ರ್ಯಾಶ್-2’ ಅಂತ 2010ರಲ್ಲಿ ಬಂತು, 40 ದೇಶಗಳ 20,211 ಗಾಯಾಳುಗಳು, ಭಾರತದವರೂ ಇದ್ದರು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ, ರಕ್ತ ಸೋರುವುದನ್ನು ತಡೆಯುವ ಅಗ್ಗದ ಇಂಜೆಕ್ಷನ್. ಸಾವು 16%ನಿಂದ 14.5%ಗೆ ಇಳಿಯಿತು. ಆದರೆ ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಕೊಡಬೇಕು, ತಡವಾದರೆ ಹಾನಿಯೂ ಆಗಬಹುದು. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಇರಲಿಲ್ಲ. ರೈಲು ಅಂತೂ ನಮ್ಮ ಜಿಲ್ಲೆಗಿಲ್ಲ. ಆ ಮೂರು ಗಂಟೆ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಮುಗಿದಿರುತ್ತದೆ. ಹಾಗಾಗಿ ಇಂಜೆಕ್ಷನ್ ಬೀಳಬೇಕಾದದ್ದು ಇಲ್ಲಿ, ಹತ್ತಿರದ ಆಸ್ಪತ್ರೆಯಲ್ಲಿ.

ದೊಡ್ಡ ಯಂತ್ರ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಇದೆಲ್ಲ ಏನು ಪ್ರಯೋಜನ?

ನಿಮ್ಮ ತೋರುಬೆರಳ ತುದಿಯನ್ನು ಹತ್ತು ಸೆಕೆಂಡ್ ಗಟ್ಟಿಯಾಗಿ ಒತ್ತಿ ಬಿಡಿ. ಬಿಳಿಚಿಕೊಂಡದ್ದು ಮೂರು ಸೆಕೆಂಡಿನೊಳಗೆ ಕೆಂಪಗಾಗಬೇಕು. ನಂಜೇರಿ ಬಿಪಿ ಬಿದ್ದವರಲ್ಲಿ ಅದು ತಡವಾಗುತ್ತದೆ. ದಕ್ಷಿಣ ಅಮೆರಿಕದ ಐದು ದೇಶಗಳ 424 ರೋಗಿಗಳಲ್ಲಿ, ಈ ಬೆರಳು ನೋಡಿ ಚಿಕಿತ್ಸೆ ಕೊಟ್ಟ ಗುಂಪನ್ನು, ರಕ್ತದ ಲ್ಯಾಕ್ಟೇಟ್ ಪರೀಕ್ಷೆ ನೋಡಿ ಕೊಟ್ಟ ಗುಂಪಿನ ಜೊತೆ ಹೋಲಿಸಿದರು. 2019ರ ಮಾತು. ಸಾವು ಬೆರಳಿನ ಗುಂಪಿನಲ್ಲಿ 34.9%, ಲ್ಯಾಕ್ಟೇಟ್ ಗುಂಪಿನಲ್ಲಿ 43.4%. ಇದು ಖಚಿತ ಗೆಲುವು ಅಂತ ಹೇಳುವಷ್ಟು ಗಟ್ಟಿ ಲೆಕ್ಕ ಅಲ್ಲ, ಆದರೆ ಬೆರಳು ಸೋಲಲಿಲ್ಲ ಅನ್ನುವುದು ಸಾಕಲ್ವಾ? ಕರೆಂಟ್ ಹೋದ ಮಳೆಗಾಲದ ರಾತ್ರಿಯಲ್ಲೂ ಬೆರಳು ಇರುತ್ತದೆ.

ಸಹಿ ಯಾರು ಹಾಕ್ಬೇಕು? ಆಸ್ಪತ್ರೆ ಮುಂದೆ ನಮ್ಮ ಒಕ್ಕದವರೇ, ಅಂದ್ರೆ ಕುಟುಂಬದವರೇ, ಹದಿನೈದು ಜನ ಇದ್ದೀವಿ.

ಪ್ರಜ್ಞೆ ಇದ್ದರೆ ರೋಗಿಯೇ. ಇಲ್ಲದಿದ್ದರೆ ಕಾನೂನು ಒಪ್ಪುವ ಹತ್ತಿರದವರು: ಗಂಡ, ಹೆಂಡತಿ, ತಂದೆ ತಾಯಿ, ಬೆಳೆದ ಮಕ್ಕಳು. ಜೊತೆಗೆ ಬಂದ, ತೋಟದ ಲೆಕ್ಕ ಬರೆಯುವ ರೈಟರ್ ಹಾಕುವಂತಿಲ್ಲ, ಸಾಹುಕಾರರೂ ಹಾಕುವಂತಿಲ್ಲ. ಹದಿನೈದು ಜನ ಮಾತಾಡಿಕೊಳ್ಳಿ, ಆದರೆ ಒಬ್ಬರು ಮುಂದೆ ಬನ್ನಿ. ಓದು ಬರದವರಾದರೆ ಸ್ಟಡಿಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು, ಎಲ್ಲ ಓದಿ ಹೇಳಿದ ಮೇಲೇ ಹೆಬ್ಬೆಟ್ಟು. ರೋಗಿಗೆ ಪ್ರಜ್ಞೆ ಬಂದ ಮೇಲೆ ಅವರನ್ನು ಮತ್ತೆ ಕೇಳಬೇಕು. ಅವರು ಬೇಡ ಅಂದರೆ ಬೇಡ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ರಾತ್ರಿ ಎರಡು ಗಂಟೆ. ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಒಬ್ಬ ಹೆಂಗಸಿಗೆ ಒಂಬತ್ತು ಪುಟದ ಕಾಗದ ಕೊಟ್ಟು ಸಹಿಯ ಜಾಗಕ್ಕೆ ಬೆರಳು ತೋರಿಸಿದೆ. ಸಹಿ ಹಾಕಿದರು. ಬೆಳಿಗ್ಗೆ ಬಂದು ಕೇಳಿದರು, ‘ಸಿಸ್ಟರೇ, ಆಂಬುಲೆನ್ಸ್ ದುಡ್ಡು ಎಷ್ಟು ಅಂತ ಅದ್ರಲ್ಲಿ ಬರ್ದಿತ್ತಾ?’ ಆ ಕಾಗದವನ್ನು ರದ್ದು ಮಾಡಿ ಮೇಲಿನವರಿಗೆ ತಿಳಿಸಿದೆವು. ಮತ್ತೆ ಕೂತು, ಕಾಫಿ ತರಿಸಿ, ಎಲ್ಲ ಹೇಳಿದೆ. ಕೇಳಿ ಮುಗಿಸಿ ಅವರು ಬೇಡ ಅಂದರು.

ಬೇಡ ಅಂದ್ರೆ ಸರಿಯಾಗಿ ನೋಡ್ಕೊಳ್ತಾರಾ?

ನೋಡಿಕೊಳ್ಳಲೇಬೇಕು. ಆ ಹೆಂಗಸಿನ ಗಂಡನನ್ನೂ ನಾವೇ ನೋಡಿಕೊಂಡೆವು. ನಡುವೆ ಬೇಡ ಅನ್ನಿಸಿದರೂ ಹೊರಗೆ ಬರಬಹುದು, ಕಾರಣ ಹೇಳಬೇಕಿಲ್ಲ.

ದುಡ್ಡು?

ಸ್ಟಡಿಗಾಗಿಯೇ ಮಾಡುವ ಪರೀಕ್ಷೆಗೆ, ಸ್ಟಡಿಯ ಔಷಧಿಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಐಸಿಯು ಬಾಡಿಗೆ, ಉಳಿದ ಔಷಧಿ ಎಂದಿನ ಹಾಗೆ. ‘ಸ್ಟಡಿಗೆ ಸೇರಿದರೆ ಬಿಲ್ ಕಡಿಮೆ ಮಾಡ್ತೀವಿ’ ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಔಷಧಿ ಪ್ರಯೋಗದಿಂದಲೇ ತೊಂದರೆಯಾದರೆ ಅದರ ಚಿಕಿತ್ಸೆ ಉಚಿತ, ಪರಿಹಾರವೂ ಕೊಡಬೇಕು. ಕಾಗದದಲ್ಲಿ ಆ ಪುಟ ಇದೆಯಾ ಅಂತ ಮೊದಲು ನೋಡಿ.

ಸ್ಟಡಿ ಅಸಲಿನಾ ಅಂತ ತಿಳಿಯೋದು ಹೇಗೆ?

ಸಿಟಿಆರ್‌ಐ ನಂಬರ್ ಕೇಳಿ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ ಅದು, 2007ರಿಂದ ಇದೆ. ಮೊಬೈಲಿನಲ್ಲೇ ಯಾರು ಬೇಕಾದರೂ ಹುಡುಕಬಹುದು, ದುಡ್ಡಿಲ್ಲ. ನಂಬರ್ ಕೇಳಿದರೆ ಸಿಡುಕುವವರ ಸ್ಟಡಿಗೆ ನಾನಾದರೆ ನಮ್ಮಮ್ಮನನ್ನು ಸೇರಿಸುವುದಿಲ್ಲ.

ಮನೆಗೆ ಬಂದ್ಮೇಲೂ ಆಸ್ಪತ್ರೆಯಿಂದ ಫೋನ್ ಮಾಡ್ತಾರೆ. ಯಾಕೆ?

ಐಸಿಯುನಿಂದ ಹೊರಗೆ ಬಂದರೆ ಗೆದ್ದ ಹಾಗೆ ಅಂತ ಮೊದಲು ಎಣಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಈಗ 28ನೇ ದಿನ, 90ನೇ ದಿನ ಕೇಳುತ್ತಾರೆ. ಐಸಿಯುನಲ್ಲಿ ಗೋಡೆ ಮೇಲೆ ಇರುವೆ ಕಂಡಿತು, ಸಿಸ್ಟರ್ ವಿಷ ಹಾಕಿದಳು ಅಂತೆಲ್ಲ ಅಪ್ಪ ಹೇಳಿದ್ದರೆ ಅವರಿಗೆ ಹುಚ್ಚು ಹಿಡಿದಿಲ್ಲ. ಅದಕ್ಕೆ ಡೆಲಿರಿಯಂ ಅನ್ನುತ್ತಾರೆ. 2013ರ ಒಂದು ಅಧ್ಯಯನದ 821 ರೋಗಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಜನಕ್ಕೆ ಬಂದಿತ್ತು. ಕೆಲವರಿಗೆ ವರ್ಷ ಕಳೆದರೂ ಮರೆವು, ಲೆಕ್ಕ ತಪ್ಪುವುದು ಉಳಿಯುತ್ತದೆ. ಬೇಗ ಎಬ್ಬಿಸಿ ಕೂರಿಸಿ ನಡೆಸಿದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದದ್ದು ಜಾಸ್ತಿ, ಅವರಲ್ಲಿ 59%, ಉಳಿದವರಲ್ಲಿ 35%, ಅಂತ 2009ರಲ್ಲೇ ತೋರಿಸಿದ್ದಾರೆ. ಕೇಳಿದರೆ ತಾನೇ ಇದೆಲ್ಲ ತಿಳಿಯುವುದು.

ಒಮ್ಮೆ ಜುಲೈನಲ್ಲಿ ಭಾಗಮಂಡಲ ಕಡೆಯ ಒಬ್ಬರಿಗೆ 90ನೇ ದಿನದ ಫೋನ್ ಮಾಡಬೇಕಿತ್ತು. ಆರು ದಿನ ನೆಟ್‌ವರ್ಕ್ ಇಲ್ಲ. ಏಳನೇ ದಿನ ಸೊಸೆ ಎತ್ತಿದರು. ‘ಮಾವ ಗದ್ದೆಗೆ ಹೋಗಿದ್ದಾರೆ, ಬೈದ್ರೂ ಕೇಳಲ್ಲ.’ ನನ್ನ ಫಾರಂನಲ್ಲಿ ‘ಸಹಾಯವಿಲ್ಲದೆ ನಡೆಯಬಲ್ಲರು’ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಬೈದರೂ ಕೇಳಲ್ಲ ಅನ್ನುವುದಕ್ಕೆ ಚೌಕ ಇರಲಿಲ್ಲ.

ಮೈಸೂರಿಗೆ ಹೊರಡುವಾಗ ಏನು ತಗೊಂಡು ಹೋಗ್ಬೇಕು?

ದಿನಾ ನುಂಗುವ ಮಾತ್ರೆಗಳ ಹಾಳೆ ಸಮೇತ ಚೀಲ. ಇಲ್ಲಿನ ಆಸ್ಪತ್ರೆಯಲ್ಲಿ ಏನೇನು ಇಂಜೆಕ್ಷನ್, ಎಷ್ಟು ಗಂಟೆಗೆ ಕೊಟ್ಟರು ಅನ್ನುವ ಚೀಟಿ. ಯಾವ ಔಷಧಿ ಆಗಿಬರುವುದಿಲ್ಲ ಅನ್ನುವ ವಿವರ. ರೇಷನ್ ಕಾರ್ಡ್, ಆಧಾರ್. ಸಹಿ ಹಾಕಬಲ್ಲ ಒಬ್ಬ ಹತ್ತಿರದವರು, ಆಂಬುಲೆನ್ಸಿನಲ್ಲೇ, ಹಿಂದಿನ ಜೀಪಿನಲ್ಲಲ್ಲ. ಕನ್ನಡಕ, ಕಿವಿ ಯಂತ್ರ ಇದ್ದರೆ ಅದು, ಎಚ್ಚರ ಆದಾಗ ಬೇಕು. ಮತ್ತೆ ರೋಗಿಯ ಎತ್ತರ ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಟೇಪ್ ಹಿಡಿದು ಬರುವ ಸಿಸ್ಟರಿಗೆ ಕೊಡಿ. ಅವಳು ಹೇಗೂ ಇನ್ನೊಮ್ಮೆ ಅಳೆಯುತ್ತಾಳೆ.